ಬೆಳಗಾವಿ ಮೇಯರ್ ಯಾರಾಗಬೇಕು? ಯಾರ ಕಡೆಯವರು ಅಂತ ಬೇಡ, ಏನು ಮಾಡುತ್ತಾರೆ ಹೇಳಿ

ಖಡೇಬಜಾರ್ ಅಂಗಡಿ
ಮತ್ತೆ ಮೇಯರ್ ಚುನಾವಣೆಯ ಮಾತು ಶುರುವಾಗಿದೆ. ಅಂಗಡಿಗೆ ಬಂದವರ ಬಾಯಲ್ಲೆಲ್ಲ ಮೂರು ಹೆಸರು ಓಡಾಡುತ್ತಿವೆ. ಒಬ್ಬರು ದಕ್ಷಿಣ ಭಾಗದ ಹಳೇ ಮಂದಿ, ಪಾಲಿಕೆಯ ಒಳಗೂ ಹೊರಗೂ ಗೊತ್ತಿರುವವರು. ಇನ್ನೊಬ್ಬರು ಉತ್ತರ ಭಾಗದಿಂದ ಮೊದಲ ಸಲ ಗೆದ್ದು ಬಂದ ಹೆಣ್ಣುಮಗಳು. ಮೂರನೆಯವರು ಸ್ಥಾಯಿ ಸಮಿತಿ ಅಧ್ಯಕ್ಷರಾಗಿದ್ದವರು. ಹೆಸರು ಹಾಕುವುದು ಬೇಡ. ಹೆಸರು ಬಂದರೆ ಜಗಳ ಬರುತ್ತದೆ, ಕೆಲಸದ ಮಾತು ನಿಂತು ಹೋಗುತ್ತದೆ.

ನಾನು ಕೇಳುವುದು ಇಷ್ಟೇ. ಇವರು ಯಾವ ಶಾಸಕರ ಕಡೆ, ಯಾವ ಗಲ್ಲಿಯವರು, ಮನೆಯಲ್ಲಿ ಯಾವ ಭಾಷೆ ಅಂತ ಎಲ್ಲರೂ ಹೇಳುತ್ತಾರೆ. ಕುರ್ಚಿ ಮೇಲೆ ಕೂತು ಏನು ಮಾಡುತ್ತಾರೆ ಅಂತ ಒಬ್ಬರೂ ಹೇಳಿಲ್ಲ. ಮಳೆಗಾಲ ಬಂದರೆ ಬಜಾರದ ಗಟಾರು ಉಕ್ಕಿ ಅಂಗಡಿಯ ಮೆಟ್ಟಿಲವರೆಗೆ ಬರುತ್ತದೆ. ಗಣಪತಿ ಗಲ್ಲಿ, ಮಾರುತಿ ಗಲ್ಲಿಯಲ್ಲಿ ಹಬ್ಬದ ಹೊತ್ತಿಗೆ ಗಾಡಿ ನಿಲ್ಲಿಸಲು ಜಾಗವಿಲ್ಲ. ಇದಕ್ಕೆಲ್ಲ ಮೂವರಲ್ಲಿ ಯಾರಾದರೂ ಉತ್ತರ ಕೊಟ್ಟಿದ್ದು ನೀವು ಕೇಳಿದ್ದೀರಾ?

ಅನಗೋಳ ಅಕ್ಕ
ನನ್ನ ಮಟ್ಟಿಗೆ ಆ ಹೆಣ್ಣುಮಗಳೇ ಆಗಲಿ. ಅವರ ವಾರ್ಡಿನಲ್ಲಿ ನನ್ನ ತಂಗಿ ಇದ್ದಾಳೆ. ಬೆಳಿಗ್ಗೆ ಕಸದ ಗಾಡಿ ಬರುವ ಹೊತ್ತಿಗೆ ಅವರು ಓಣಿಯಲ್ಲಿ ನಿಂತಿರುತ್ತಾರಂತೆ. ಹಸಿ ಕಸ, ಒಣ ಕಸ ಬೇರೆ ಮಾಡದೆ ತಂದರೆ ಅಲ್ಲೇ ತಿರುಗಿಸಿ ಕಳಿಸುತ್ತಾರೆ.

ಆಟೋನಗರ ಮೆಕ್ಯಾನಿಕ್
ಓಣಿ ನಡೆಸುವುದು ಬೇರೆ, ಊರು ನಡೆಸುವುದು ಬೇರೆ ಅಕ್ಕಾ. ಹಳಬರೇ ಬೇಕು. ಫೈಲು ಎಲ್ಲಿ ಕೂತಿದೆ ಅಂತ ಗೊತ್ತಿರಬೇಕಲ್ವಾ?

ಅನಗೋಳ ಅಕ್ಕ
ಹಳಬರಿಗೆ ಇಷ್ಟು ವರ್ಷ ಗೊತ್ತಿತ್ತಲ್ಲ ತಮ್ಮಾ. ಫೈಲು ಎದ್ದಿತಾ?

ಕಣಬರ್ಗಿ ಮೇಷ್ಟ್ರು
ಜಗಳಕ್ಕೆ ಮೊದಲು ಲೆಕ್ಕ ಸರಿಯಾಗಿ ತಿಳಿದುಕೊಳ್ಳೋಣ. ನಾವ್ಯಾರೂ ಮೇಯರ್‌ಗೆ ಮತ ಹಾಕುವುದಿಲ್ಲ. 58 ವಾರ್ಡಿನ ಸದಸ್ಯರು ಹಾಕುತ್ತಾರೆ. ಅವರ ಜತೆ ನಗರದ ಶಾಸಕರು, ಸಂಸದರು, ಇಲ್ಲಿನ ಮತದಾರರ ಪಟ್ಟಿಯಲ್ಲಿರುವ ವಿಧಾನ ಪರಿಷತ್ ಸದಸ್ಯರು. ಪ್ರಾದೇಶಿಕ ಆಯುಕ್ತರು ಚುನಾವಣೆ ನಡೆಸುತ್ತಾರೆ. ಕೈ ಎತ್ತಿ ಮತ. ಮೇಯರ್ ಸ್ಥಾನ ಯಾವ ವರ್ಗಕ್ಕೆ ಅಂತ ಸರ್ಕಾರ ಮೊದಲೇ ಮೀಸಲಾತಿ ಹೊರಡಿಸುತ್ತದೆ. ಹಾಗಾಗಿ ಈ ಮೂವರಲ್ಲಿ ಇಬ್ಬರಿಗೆ ಅರ್ಜಿ ಹಾಕಲೂ ಆಗದಿರಬಹುದು.

ಗೆದ್ದವರಿಗೆ ಸಿಗುವುದು ಒಂದೇ ವರ್ಷ. 1976ರ ಮಹಾನಗರ ಪಾಲಿಕೆ ಕಾಯ್ದೆ ಹೇಳುವುದು ಹಾಗೆ. 2023ರಲ್ಲಿ ಶೋಭಾ ಸೋಮನಾಚೆ, 2024ರಲ್ಲಿ ಸವಿತಾ ಕಾಂಬಳೆ, 2025ರಲ್ಲಿ ಮಂಗೇಶ ಪವಾರ. ಒಬ್ಬೊಬ್ಬರಿಗೂ ಒಂದು ಮಳೆಗಾಲ, ಒಂದು ಗಣೇಶೋತ್ಸವ, ಒಂದು ಬಜೆಟ್. ಅಷ್ಟರಲ್ಲಿ ಮುಗಿಯಿತು.

ಇನ್ನೊಂದು ಮಾತು. ಕೆಲಸ ಮಾಡಿಸುವ ಅಧಿಕಾರ ಮೇಯರ್ ಕೈಯಲ್ಲಿಲ್ಲ. ಅದು ಆಯುಕ್ತರದ್ದು. ಅವರನ್ನು ಕಳಿಸುವುದು, ಕರೆಸಿಕೊಳ್ಳುವುದು ಬೆಂಗಳೂರು. ಮೇಯರ್ ಸಭೆ ನಡೆಸಬೇಕು, ವಿಷಯ ಎತ್ತಬೇಕು, ವರದಿ ಕೇಳಬೇಕು. ಅದನ್ನು ಗಟ್ಟಿಯಾಗಿ ಮಾಡುವವರು ಬೇಕು. ನನ್ನ ಅಳತೆಗೋಲು ಅದೊಂದೇ.

ಸದಾಶಿವನಗರ ಹುಡುಗ
ಮೇಷ್ಟ್ರೇ, ಅದಕ್ಕೇ ನನಗೆ ಹೊಟ್ಟೆ ಉರಿಯುವುದು. 2025ರ ನವೆಂಬರಿನಲ್ಲಿ ನ್ಯೂಯಾರ್ಕ್ ಮೇಯರ್ ಚುನಾವಣೆ ಆಯಿತಲ್ಲ, ನಾವು ರೂಮಿನ ಹುಡುಗರೆಲ್ಲ ಅವರ ಟಿವಿ ಚರ್ಚೆ ಮೊಬೈಲಿನಲ್ಲಿ ನೋಡಿದೆವು. ಮಮ್ದಾನಿ, ಕುವೊಮೊ, ಸ್ಲಿವಾ ಮೂವರನ್ನೂ ನಿಲ್ಲಿಸಿ ಮನೆ ಬಾಡಿಗೆ ಏನು ಮಾಡುತ್ತೀರಿ, ಬಸ್ಸಿಗೆ ದುಡ್ಡು ಎಲ್ಲಿಂದ ತರುತ್ತೀರಿ ಅಂತ ನೇರವಾಗಿ ಕೇಳಿದರು. ಉತ್ತರ ಸರಿಯೋ ತಪ್ಪೋ, ಜನರ ಮುಂದೆ ಹೇಳಲೇಬೇಕಾಯಿತು. ಜನ ನೇರವಾಗಿ ಮತ ಹಾಕಿದರು. ಮಮ್ದಾನಿ ಗೆದ್ದರು. ನಾಲ್ಕು ವರ್ಷದ ಅವಧಿ.

ನಮ್ಮಲ್ಲಿ ಮೂವರು ಆಕಾಂಕ್ಷಿಗಳನ್ನು ಕುಮಾರ ಗಂಧರ್ವ ರಂಗಮಂದಿರದ ವೇದಿಕೆ ಮೇಲೆ ಕೂರಿಸಿ ಒಂದು ತಾಸು ಪ್ರಶ್ನೆ ಕೇಳಲು ಯಾಕೆ ಆಗಲ್ಲ? ಕಾನೂನು ಬೇಡ ಅಂದಿದೆಯಾ?

ಆಟೋನಗರ ಮೆಕ್ಯಾನಿಕ್
ಕೂರಿಸಿದರೆ ಬರುತ್ತಾರಾ? ಅವರಿಗೆ ಬೇಕಾದ ಮತ ನಿನ್ನ ಹತ್ತಿರ ಇಲ್ಲ ತಮ್ಮಾ. ನಾಯಕರ ಮನೆಯಲ್ಲಿದೆ.

ಸದಾಶಿವನಗರ ಹುಡುಗ
ಬರದಿದ್ದರೆ ಖಾಲಿ ಕುರ್ಚಿ ಕಾಣಲಿ ಅಣ್ಣಾ. ಮುಂದಿನ ಸಲ ವಾರ್ಡಿಗೆ ಮತ ಕೇಳಲು ಬಂದೇ ಬರುತ್ತಾರಲ್ಲ.

ವಡಗಾವಿ ಮಗ್ಗ
ನೀವು ನ್ಯೂಯಾರ್ಕ್ ನೋಡಿ, ನಾನು ನಮ್ಮ ಊರಿನ ನೀರು ಹರಿಯುವ ಬಳ್ಳಾರಿ ನಾಲಾ ನೋಡುತ್ತೇನೆ.

ನಮ್ಮ ಮನೆ ವಡಗಾವಿ ತಗ್ಗಿನಲ್ಲಿದೆ. 2019ರ ಆಗಸ್ಟಿನಲ್ಲಿ ನೀರು ನುಗ್ಗಿದಾಗ ಮಗ್ಗದ ಕುಣಿ ಪೂರ್ತಿ ತುಂಬಿತು. ಹಾಸು ಹಾಕಿಟ್ಟಿದ್ದ ನೂಲು ಕೆಸರಲ್ಲಿ ಅದ್ದಿ ತೆಗೆದ ಹಾಗಿತ್ತು. ಕುಣಿಯೊಳಗೆ ಕಾಲಿಟ್ಟರೆ ಮೊಣಕಾಲಿಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಳ್ಳುತ್ತಿತ್ತು. ಆ ಚೀಲ ನಾಲಾದಿಂದ ಬಂದದ್ದು, ನಾಲಾಕ್ಕೆ ಊರಿಂದ ಬಂದದ್ದು. ನಾಲಾ ಪಕ್ಕದ ಶಹಾಪುರ, ಯಳ್ಳೂರ ಕಡೆಯ ರೈತರ ಭತ್ತದ ಗದ್ದೆಗೂ ಅದೇ ನೀರು.

ಮೇಷ್ಟ್ರೇ, ಆಗ ಊರಿಗೆ ಮೇಯರೇ ಇರಲಿಲ್ಲ, ಸರಿ ತಾನೇ? ಯಾರನ್ನು ಕೇಳಬೇಕಿತ್ತು ನಾವು? ಈಗ ಮೂವರಲ್ಲಿ ಯಾರು ಬಂದರೂ ನಾನು ಕೇಳುವುದು ಒಂದು. ಮೇ ತಿಂಗಳ ಒಳಗೆ ನಾಲಾದ ಹೂಳು ತೆಗೆಸಿ, ತೆಗೆದ ಹೂಳು ದಂಡೆ ಮೇಲೆ ಬಿಡದೆ ಸಾಗಿಸುತ್ತೀರಾ? ದಂಡೆ ಮೇಲೆ ಬಿಟ್ಟರೆ ಮೊದಲ ಮಳೆಗೆ ವಾಪಸ್ ಒಳಗೇ ಹೋಗುತ್ತದೆ.

ಕಣಬರ್ಗಿ ಮೇಷ್ಟ್ರು
ಹೌದು. ಹಿಂದಿನ ಸದಸ್ಯರ ಅವಧಿ 2019ರ ಮಾರ್ಚಿಗೆ ಮುಗಿದಿತ್ತು. ಮುಂದಿನ ಚುನಾವಣೆ 2021ರ ಸೆಪ್ಟೆಂಬರ್ 3ಕ್ಕೆ. ಫಲಿತಾಂಶ ಬಂದ ಮೇಲೂ ಮೇಯರ್ ಆಯ್ಕೆ ಆಗಿದ್ದು 2023ರ ಫೆಬ್ರುವರಿ 6ಕ್ಕೆ. ಸುಮಾರು ನಾಲ್ಕು ವರ್ಷ ಅಧಿಕಾರಿಗಳದ್ದೇ ಆಡಳಿತ. ಪ್ರವಾಹಕ್ಕೂ ಮೇಯರ್ ಇಲ್ಲ, ಕೊರೊನಾಕ್ಕೂ ಇಲ್ಲ. ಗೆದ್ದು 17 ತಿಂಗಳು ಕಾದ ಸದಸ್ಯರಿಗೂ ಅದು ಅನ್ಯಾಯ, ಮತ ಹಾಕಿದ ನಮಗೂ ಅನ್ಯಾಯ. ಅದನ್ನು ಆಗ ನಾವು ಗಟ್ಟಿಯಾಗಿ ಕೇಳಬೇಕಿತ್ತು.

ಖಡೇಬಜಾರ್ ಅಂಗಡಿ
ಹೂಳಿನ ಪ್ರಶ್ನೆ ಬಹಳ ಚೆನ್ನಾಗಿದೆ. ಇಂಥವೇ ಬೇಕು. ಉತ್ತರ ಹೌದು ಅಥವಾ ಇಲ್ಲ ಅಂತ ಬರಬೇಕು.

ಕ್ಯಾಂಪ್ ನಿವಾಸಿ
ನಾವು ಕ್ಯಾಂಪಿನವರು ಇದರಲ್ಲಿ ಇಲ್ಲವೇ ಇಲ್ಲ. ನಮಗೆ ದಂಡುಮಂಡಳಿ, ಅಂದರೆ ಕಂಟೋನ್ಮೆಂಟ್ ಬೋರ್ಡ್. ರಸ್ತೆ ದಾಟಿದರೆ ಪಾಲಿಕೆ. ಆದರೆ ಸಂತೆ ಮಾಡುವುದು ಊರೊಳಗೆ, ಮಕ್ಕಳ ಶಾಲೆ ಊರೊಳಗೆ. ನಿಮ್ಮ ಮೇಯರ್ ಒಳ್ಳೆಯವರಾದರೆ ನಮಗೂ ಒಳ್ಳೆಯದೇ.

ಟಿಳಕವಾಡಿ ಕಾಕಾ
ಯಾರೇ ಮೇಯರ್ ಆಗಲಿ, ನಮ್ಮ ರೈಲ್ವೆ ಗೇಟಿನ ಗತಿ ಏನು? ಮೊದಲ ಗೇಟ್, ಎರಡನೇ ಗೇಟ್ ಮುಂದೆ ನಿಂತು ನಿಂತು ವಯಸ್ಸಾಯಿತು. ಆಂಬ್ಯುಲೆನ್ಸ್ ಕೂಡ ನಿಲ್ಲುತ್ತದೆ.

ಆಟೋನಗರ ಮೆಕ್ಯಾನಿಕ್
ಕಾಕಾ, ಗೇಟು ರೈಲ್ವೆಯವರದ್ದು. ಮೇಯರ್ ಏನು ಮಾಡುತ್ತಾರೆ?

ಟಿಳಕವಾಡಿ ಕಾಕಾ
ಪತ್ರ ಬರೆಯಲಿ. ಸಭೆಯಲ್ಲಿ ಠರಾವು ಮಾಡಲಿ. ಗೇಟು ರೈಲ್ವೆದು, ನೀರು ಇನ್ನೊಬ್ಬರದು, ಕರೆಂಟ್ ಲೈನು ಹೆಸ್ಕಾಂದು, ಲೇಔಟು ಬುಡಾದು (ನಗರಾಭಿವೃದ್ಧಿ ಪ್ರಾಧಿಕಾರ), ಸ್ಮಾರ್ಟ್ ಸಿಟಿ ಅಂದರೆ ಅದಕ್ಕೊಂದು ಕಂಪನಿ. ಹಾಗಾದರೆ ಮೇಯರ್ ಯಾವುದಕ್ಕೆ? ನಮ್ಮ ಊರಿನ ಪರವಾಗಿ ಈ ಎಲ್ಲರ ಬಾಗಿಲು ಬಡಿಯಲಿಕ್ಕೆ ತಾನೇ? ಊರಿನ ಮೊದಲ ಪ್ರಜೆ ಅಂತೀವಿ.

ಮಹಾಂತೇಶನಗರ ಗೃಹಿಣಿ
ಕಾಕಾ ಹೇಳಿದ್ದು ನೂರಕ್ಕೆ ನೂರು ಸರಿ. ನಮ್ಮ ಬೀದಿಯಲ್ಲಿ ನೀರಿನ ಪೈಪಿಗೆ ಅಗೆದರು. ಮುಚ್ಚಿದರು. ಮತ್ತೆ ಅಗೆದರು. ಹೊಸ ಡಾಂಬರು ಹಾಳಾಯಿತು. ಪಾಲಿಕೆಗೆ ಹೋದರೆ ಯೋಜನೆಯವರನ್ನು ಕೇಳಿ ಅಂದರು. ಯೋಜನೆಯವರು ಗುತ್ತಿಗೆದಾರನ ನಂಬರ್ ಕೊಟ್ಟರು. ಅವನು ಫೋನೇ ಎತ್ತಲಿಲ್ಲ. ನಮ್ಮ ಅತ್ತೆ ಆ ಗುಂಡಿಯಲ್ಲಿ ಕಾಲು ಉಳುಕಿಸಿಕೊಂಡರು.

ರಕ್ಕಸಕೊಪ್ಪ ಜಲಾಶಯ ತುಂಬಿದೆ, ಹಿಡಕಲ್ ಜಲಾಶಯ ತುಂಬಿದೆ ಅಂತ ಪೇಪರಿನಲ್ಲಿ ಫೋಟೊ ಬರುತ್ತದೆ. ನಮ್ಮ ನಲ್ಲಿಗೆ ದಿನಗಟ್ಟಲೆ ನೀರಿಲ್ಲ. 24 ತಾಸು ನೀರು ಅಂತ ಪ್ರಾಯೋಗಿಕವಾಗಿ 10 ವಾರ್ಡಿಗೆ ಬಂದು ಎಷ್ಟೋ ವರ್ಷವಾಯಿತು. ಆ ವಾರ್ಡಿನವರು ನಲ್ಲಿ ತಿರುಗಿಸಿದರೆ ನೀರು. ಉಳಿದವರು ಏನು ಪಾಪ ಮಾಡಿದ್ದೇವೆ? ಮೇಯರ್ ಆಗುವವರು ಇಷ್ಟು ಹೇಳಲಿ ಸಾಕು: ಅಗೆದವರು ಎಷ್ಟು ದಿನದಲ್ಲಿ ರಸ್ತೆ ಸರಿ ಮಾಡಬೇಕು, ಮಾಡದಿದ್ದರೆ ದಂಡ ಎಷ್ಟು.

ರಾಜ್ಯೋತ್ಸವ ಗೆಳೆಯ
ನೀವೆಲ್ಲ ಮುಖ್ಯ ವಿಷಯ ಬಿಟ್ಟಿದ್ದೀರಿ. ಬೆಳಗಾವಿಯ ಮೇಯರ್ ಕನ್ನಡಿಗರಾಗಬೇಕು. ಇದು ಬೇರೆ ಊರಿನ ಹಾಗಲ್ಲ. 2005ರಲ್ಲಿ ಇದೇ ಪಾಲಿಕೆ ಬೆಳಗಾವಿಯನ್ನು ಮಹಾರಾಷ್ಟ್ರಕ್ಕೆ ಸೇರಿಸಿ ಅಂತ ಠರಾವು ಮಾಡಿತ್ತು. ಸರ್ಕಾರ ಪಾಲಿಕೆಯನ್ನೇ ವಿಸರ್ಜಿಸಬೇಕಾಯಿತು. ಪಾಲಿಕೆ ಕಚೇರಿ ಮುಂದೆ ಕನ್ನಡ ಧ್ವಜ ಹಾರಿದ್ದು 2020ರ ಡಿಸೆಂಬರಿನಲ್ಲಿ, ಅದೂ ಕಾರ್ಯಕರ್ತರು ಹೋಗಿ ಕಂಬ ನಿಲ್ಲಿಸಿದ ಮೇಲೆ. ನಾಲಾ ಇವತ್ತಲ್ಲ ನಾಳೆ ಸರಿಯಾಗುತ್ತದೆ. ಗೌರವ ಹೋದರೆ ಬರಲ್ಲ.

ಶಹಾಪುರದವ
ನಮ್ಮ ಮನೆ ಮಾತು ಮರಾಠಿ. ನಾನು ಕನ್ನಡ ಶಾಲೆಯಲ್ಲಿ ಓದಿದವನು, ಇಲ್ಲಿ ಕನ್ನಡದಲ್ಲೇ ಬರೆಯುತ್ತಿದ್ದೇನೆ. ನಮ್ಮ ಓಣಿಯ ಗಟಾರು ತುಂಬಿದಾಗ ಅದು ಭಾಷೆ ಕೇಳಿ ಮನೆಯೊಳಗೆ ಬರುವುದಿಲ್ಲ. ಗಡಿ ಜಗಳದ ಹೆಸರಿನಲ್ಲಿ ಎಷ್ಟೋ ವರ್ಷ ಮತ ಹಾಕಿದೆವು. ನಮ್ಮ ತಂದೆಯವರು ಹಾಗೇ ಹಾಕಿದರು. ಓಣಿ ಇದ್ದ ಹಾಗೇ ಇದೆ. ನನಗೆ ಕೆಲಸದ ಮೇಯರ್ ಬೇಕು. ಅವರು ಕನ್ನಡದಲ್ಲಿ ಸಭೆ ನಡೆಸಲಿ, ನನ್ನ ತಕರಾರು ಇಲ್ಲ. ನಮ್ಮ ಅಜ್ಜಿ ಮರಾಠಿಯಲ್ಲಿ ಅರ್ಜಿ ಕೊಟ್ಟರೆ ಕೌಂಟರಿನವರು ಮುಖ ತಿರುಗಿಸದಿರಲಿ.

ರಾಜ್ಯೋತ್ಸವ ಗೆಳೆಯ
ನಿಮ್ಮ ಮೇಲೆ ನನಗೇನೂ ಸಿಟ್ಟಿಲ್ಲ. ನಿಮ್ಮಂಥವರು ಜಾಸ್ತಿ ಆಗಲಿ. ಆದರೆ ಆಡಳಿತ ಭಾಷೆ ಕನ್ನಡ. ಸಭೆಯ ಕಾಗದ ಮರಾಠಿಯಲ್ಲಿ ಕೊಡಿ ಅಂತ ಸಭೆಯನ್ನೇ ನಿಲ್ಲಿಸುವವರು ಈಗಲೂ ಇದ್ದಾರೆ. ಆಗ ಮೇಯರ್ ಗಟ್ಟಿಯಾಗಿ ನಿಲ್ಲಬೇಕು.

ಕಣಬರ್ಗಿ ಮೇಷ್ಟ್ರು
ಕನ್ನಡಿಗ ಮೇಯರ್ ಆಗೇ ಇಲ್ಲ ಅಂತ ಯಾರೂ ತಿಳಿಯಬಾರದು. ಮೊದಲನೆಯವರು ಸಿದ್ದನಗೌಡ ಪಾಟೀಲರು. 2018ರಲ್ಲಿ ಬಸಪ್ಪ ಚಿಕ್ಕಲದಿನ್ನಿ ಆದರು. ಆಗ ಮೇಯರ್ ಸ್ಥಾನ ಪರಿಶಿಷ್ಟ ಪಂಗಡಕ್ಕೆ ಮೀಸಲಾಗಿತ್ತು. ಸಭೆಯಲ್ಲಿ ಸಂಖ್ಯೆ ಜಾಸ್ತಿ ಇದ್ದದ್ದು ಮರಾಠಿ ಭಾಷಿಕ ಗುಂಪಿನದು, ಆದರೆ ಆ ವರ್ಗದ ಸದಸ್ಯರು ಅವರಲ್ಲಿ ಇರಲಿಲ್ಲ. ಆಮೇಲೆ 2021ರಲ್ಲಿ ಪಕ್ಷಗಳು ಚಿಹ್ನೆ ಮೇಲೆ ನಿಂತವು. ಬಿಜೆಪಿಗೆ 35, ಕಾಂಗ್ರೆಸ್‌ಗೆ 10, ಎಐಎಂಐಎಂಗೆ 1, ಪಕ್ಷೇತರರು 12. ಲೆಕ್ಕ ಅಲ್ಲಿಗೆ ಬದಲಾಯಿತು.

ರಾಜ್ಯೋತ್ಸವ ಗೆಳೆಯ
ಚಿಹ್ನೆ ಬದಲಾಯಿತು ಗುರುಗಳೇ. ಮೇಯರ್ ಆಯ್ಕೆ ಮಾಡುವಾಗ ಯಾವ ಭಾಷೆಯವರಿಗೆ ಕೊಟ್ಟರೆ ಎಷ್ಟು ಮತ ಅಂತ ಪಕ್ಷಗಳೂ ಲೆಕ್ಕ ಹಾಕುತ್ತವೆ. ಅದು ನಿಂತಿಲ್ಲ.

ಕಣಬರ್ಗಿ ಮೇಷ್ಟ್ರು
ಆ ಮಾತು ಒಪ್ಪುತ್ತೇನೆ. ಅದಕ್ಕೇ ಜನ ಬೇರೆ ಪ್ರಶ್ನೆ ಕೇಳಲು ಶುರು ಮಾಡಬೇಕು.

ಗೋಳಗುಮ್ಮಟ ಓಣಿ
ವಿಜಯಪುರದಿಂದ ನಮಸ್ಕಾರ. ನಿಮ್ಮಲ್ಲಿ 58 ವಾರ್ಡ್, ನಮ್ಮಲ್ಲಿ 35. 2022ರ ಅಕ್ಟೋಬರಿನಲ್ಲಿ ಚುನಾವಣೆ ಆಯಿತು. ಬಿಜೆಪಿಗೆ 17, ಕಾಂಗ್ರೆಸ್‌ಗೆ 10. ಎಲ್ಲರೂ ಬಿಜೆಪಿ ಮೇಯರ್ ಅಂದುಕೊಂಡರು. ಆಯ್ಕೆ ಆಗಿದ್ದು 2024ರ ಜನವರಿಯಲ್ಲಿ, ಮೇಯರ್ ಆಗಿದ್ದು ಕಾಂಗ್ರೆಸ್ಸಿನ ಮೆಹಜಬೀನ್ ಹೊರ್ತಿ. ಪಕ್ಷೇತರರು, ಸಣ್ಣ ಪಕ್ಷದವರು ಯಾವ ಕಡೆ ಹೋದರು, ಶಾಸಕರ ಮತ ಯಾವ ಕಡೆ ಬಿತ್ತು ಅನ್ನುವುದರ ಮೇಲೆ ನಿಂತಿತು ಅದು. ಯಾವ ಪಕ್ಷ ಬಂತು ಅನ್ನುವುದು ನನಗೆ ಮುಖ್ಯವಲ್ಲ. ವಾರ್ಡಿನಲ್ಲಿ ಮತ ಹಾಕಿದ ನಮಗೆ ಅದರಲ್ಲಿ ಮಾತೇ ಇರಲಿಲ್ಲ, ಅದು ಮನಸ್ಸಿಗೆ ಹತ್ತುತ್ತದೆ. ನೇರ ಚುನಾವಣೆ ಬೇಕೇ ಬೇಕು.

ಸದಾಶಿವನಗರ ಹುಡುಗ
ಅಣ್ಣಾ, ಅದನ್ನೇ ನಾನೂ ಹೇಳುತ್ತಿರುವುದು. ಮಧ್ಯಪ್ರದೇಶ, ಉತ್ತರಪ್ರದೇಶದಲ್ಲಿ ಜನರೇ ಮೇಯರ್ ಆರಿಸುತ್ತಾರೆ. 2022ರಿಂದ ಬಿಹಾರದಲ್ಲೂ ಶುರುವಾಗಿದೆ. ಇಂದೋರಿನಲ್ಲಿ ಆಗುವುದು ಬೆಳಗಾವಿಯಲ್ಲಿ ಯಾಕೆ ಆಗಬಾರದು? ಇಂದೋರ್ ಸ್ವಚ್ಛತೆಯಲ್ಲಿ ವರ್ಷ ವರ್ಷ ಮೊದಲು ಬರುತ್ತದೆ.

ಶಿವಬಸವನಗರ ವಕೀಲ
ಇಂದೋರ್ ಸ್ವಚ್ಛವಾಗಿರುವುದಕ್ಕೆ ನೇರ ಚುನಾವಣೆಯೊಂದೇ ಕಾರಣ ಅನ್ನುವುದು ಅವಸರದ ಮಾತು. ಅಲ್ಲಿ ಕಸ ಮನೆಯಲ್ಲೇ ಬೇರೆ ಮಾಡಿ ಗಾಡಿಗೆ ಹಾಕುತ್ತಾರೆ, ಅನಗೋಳ ಅಕ್ಕ ಹೇಳಿದ ಸದಸ್ಯೆ ಮಾಡಿಸುವ ಹಾಗೆ.

ನೇರ ಚುನಾವಣೆಗೆ ಇನ್ನೊಂದು ಮುಖವೂ ಇದೆ. ಶಿಮ್ಲಾದಲ್ಲಿ 2012ರಲ್ಲಿ ಜನ ನೇರವಾಗಿ ಸಿಪಿಎಂನ ಸಂಜಯ್ ಚೌಹಾಣರನ್ನು ಮೇಯರ್ ಮಾಡಿದರು. ಉಪಮೇಯರ್ ಕೂಡ ಅದೇ ಪಕ್ಷ. ಸಭೆಯ 25 ಸದಸ್ಯರಲ್ಲಿ ಆ ಪಕ್ಷದವರು ಮೂವರೇ. ಉಳಿದವರೆಲ್ಲ ಎದುರಿನವರು. ಮೇಯರ್ ಹೇಳಿದ್ದಕ್ಕೆ ಸಭೆ ಬೇಡ ಅಂದರೆ ಏನು ಮಾಡುವುದು? ಆಮೇಲೆ ಆ ಪದ್ಧತಿಯನ್ನೇ ತೆಗೆದರು.

ನನ್ನ ಅಭಿಪ್ರಾಯ ಕೇಳಿದರೆ, ಮೊದಲು ಅವಧಿ ಸರಿ ಮಾಡಿ. ನಗರಸಭೆ ಅಧ್ಯಕ್ಷರಿಗೆ 30 ತಿಂಗಳು. ಬೆಂಗಳೂರಿಗೆ 2020ರಲ್ಲಿ ಬಿಬಿಎಂಪಿ ಕಾಯ್ದೆ ತಂದಾಗ ಮೇಯರ್‌ಗೆ 30 ತಿಂಗಳು ಬರೆದರು. ನಮ್ಮ ಮೇಯರ್‌ಗೆ 12 ತಿಂಗಳು ಸಾಕು ಅಂತ ಯಾರು ಲೆಕ್ಕ ಹಾಕಿದರು? ಸಂವಿಧಾನದ 74ನೇ ತಿದ್ದುಪಡಿ 1993ರಲ್ಲಿ ಜಾರಿಗೆ ಬಂತು. ನಗರಾಡಳಿತಕ್ಕೆ ಕೊಡಬಹುದಾದ 18 ಕೆಲಸ ಪಟ್ಟಿ ಮಾಡಿ ಇಟ್ಟಿದೆ. ಕುಡಿಯುವ ನೀರು, ನಗರ ಯೋಜನೆ ಎರಡೂ ಅದರಲ್ಲಿವೆ. ಕಾಕಾ ಎಣಿಸಿದ ಎಲ್ಲ ಬಾಗಿಲುಗಳು ಪಾಲಿಕೆಯ ಹೊರಗೆ ಹೋಗಿದ್ದೇ ತೊಂದರೆಯ ಮೂಲ.

ವಡಗಾವಿ ಮಗ್ಗ
ವಕೀಲರು ಹೇಳಿದ್ದು ನಮ್ಮ ಕಸುಬಿನಲ್ಲೇ ಇದೆ. ಒಂದು ಸೀರೆಗೆ ದಿನಕ್ಕೊಬ್ಬ ನೇಕಾರ ಕೂತರೆ ಅಂಚು ಕೂಡುತ್ತದೆಯೇ? ಒಬ್ಬರಿಗೇ ಮಗ್ಗ ಕೊಡಿ, ಕೆಟ್ಟರೆ ಅವರನ್ನೇ ಕೇಳಿ.

ಗೋಳಗುಮ್ಮಟ ಓಣಿ
ಶಿಮ್ಲಾದ್ದು ಒಪ್ಪಿದೆ ವಕೀಲರೇ. ಆದರೂ ಜನ ಆರಿಸಿದವರನ್ನು ಸಭೆ ತಡೆದರೆ, ತಡೆದವರು ಯಾರು ಅಂತ ಜನರಿಗೆ ಕಾಣುತ್ತದೆ. ಈಗ ಏನೂ ಕಾಣುವುದಿಲ್ಲ. ಸದಸ್ಯರನ್ನು ರಿಸಾರ್ಟಿಗೆ ಕರೆದುಕೊಂಡು ಹೋದರು ಅನ್ನುವ ಸುದ್ದಿ ಮಾತ್ರ ಕಾಣುತ್ತದೆ.

ನೆಹರುನಗರ ಪಿಜಿ
ಒಂದು ಸಣ್ಣ ಪ್ರಶ್ನೆ. ನಾನು ಓದಲು ಬಂದವಳು, ಊರು ಬಾಗಲಕೋಟೆ ಕಡೆ. ಮೀಸಲಾತಿಯಲ್ಲಿ ಮಹಿಳೆ ಮೇಯರ್ ಆದರೆ ಅವರ ಗಂಡನೇ ನಡೆಸುತ್ತಾನೆ ಅಂತ ಎಲ್ಲರೂ ಹೇಳುತ್ತಾರಲ್ಲ, ಇಲ್ಲೂ ಹಾಗೇನಾ?

ಆಟೋನಗರ ಮೆಕ್ಯಾನಿಕ್
ಎಲ್ಲ ಕಡೆ ಹಾಗೇ ತಂಗಿ. ಅದಕ್ಕೇ ನಾನು ಆ ಹೊಸಬರು ಬೇಡ ಅಂದಿದ್ದು.

ಅನಗೋಳ ಅಕ್ಕ
ತಮ್ಮಾ, ಈ ಮಾತು ನಾನು ಬಿಡುವುದಿಲ್ಲ. ಗಂಡ ನಡೆಸಿದರೆ ತಪ್ಪು ಗಂಡನದು, ಅವನನ್ನು ಕುರ್ಚಿ ಹತ್ತಿರ ಬಿಟ್ಟ ಅಧಿಕಾರಿಗಳದು. ಅದಕ್ಕೆ ಹೆಣ್ಣುಮಕ್ಕಳಿಗೆ ಕುರ್ಚಿಯೇ ಬೇಡ ಅಂದರೆ ಹೇಗೆ? ಪಾಲಿಕೆಯಲ್ಲಿ ಅರ್ಧ ಸ್ಥಾನ ಹೆಣ್ಣುಮಕ್ಕಳದು. ಬೆಳಿಗ್ಗೆ ಎದ್ದು ಕೊಡ ಹಿಡಿದು ನಲ್ಲಿ ಕಾಯುವವರು ಯಾರು? ಕಸದ ಗಾಡಿ ತಪ್ಪಿದರೆ ಕಸ ಹೊತ್ತುಕೊಂಡು ಓಡುವವರು ಯಾರು? ಆ ಕಷ್ಟ ಗೊತ್ತಿದ್ದವರು ಸಭೆಯಲ್ಲಿ ಮಾತಾಡಿದರೆ ಮಾತಿಗೆ ತೂಕ ಇರುತ್ತದೆ.

ನಾನು ಒಂದು ಸಭೆಯನ್ನು ಗ್ಯಾಲರಿಯಲ್ಲಿ ಕೂತು ನೋಡಿದ್ದೇನೆ. ಒಬ್ಬ ಸದಸ್ಯೆ ಬೀದಿದೀಪದ ವಿಷಯ ಎತ್ತಿದರು. ಕೈಯಲ್ಲಿ ಉದ್ದದ ನೋಟ್‌ಬುಕ್, ಅದರಲ್ಲಿ ಕಂಬದ ನಂಬರು, ದೀಪ ಹೋದ ತಾರೀಖು, ದೂರು ಕೊಟ್ಟ ತಾರೀಖು, ಎಲ್ಲ ಪೆನ್ಸಿಲಿನಲ್ಲಿ ಗೆರೆ ಹೊಡೆದು ಬರೆದಿದ್ದರು. ಇಂಜಿನಿಯರ್ ಎದ್ದು ಎಲ್ಲ ಸರಿಯಾಗಿದೆ ಅಂದ. ಅವರು ಒಂದೊಂದೇ ಕಂಬದ ನಂಬರ್ ಓದುತ್ತಾ ಹೋದರು. ಅವನು ಕೂತುಬಿಟ್ಟ. ನಡುವೆ ಬೇರೆ ಸದಸ್ಯರು ಇನ್ನೇನೋ ವಿಷಯಕ್ಕೆ ಗಲಾಟೆ ಶುರು ಮಾಡಿದರು, ಸಭೆ ಮುಂದೂಡಿದರು. ಆ ನೋಟ್‌ಬುಕ್ ಅರ್ಧಕ್ಕೇ ಮುಚ್ಚಿತು. ಮೇಯರ್ ಅಂದರೆ ಆ ಗಲಾಟೆ ನಿಲ್ಲಿಸಿ ಇವರಿಗೆ ಪೂರ್ತಿ ಓದಲು ಬಿಡುವವರು.

ಕಣಬರ್ಗಿ ಮೇಷ್ಟ್ರು
ಅಕ್ಕಾ, ಬಹಳ ಸರಿಯಾಗಿ ಹೇಳಿದಿರಿ. ತಿಂಗಳಿಗೊಂದು ಸಾಮಾನ್ಯ ಸಭೆ ನಡೆಯಬೇಕು ಅಂತ ಇದೆ. ಒಂದು ವರ್ಷದ ಮೇಯರ್‌ಗೆ ಸಿಗುವುದು ಅಷ್ಟೇ ಸಭೆಗಳು. ಪ್ರತಿಯೊಂದು ಸಭೆಗೂ ಬೆಲೆ ಇದೆ.

ಮಹಾಂತೇಶನಗರ ಗೃಹಿಣಿ
ಗ್ಯಾಲರಿಗೆ ನಾವೂ ಹೋಗಬಹುದಾ? ಪಾಸು ಬೇಕಾ?

ಟಿಳಕವಾಡಿ ಕಾಕಾ
ನಡುವೆ ಒಂದು ಮಾತು. ಗಣಪತಿ ವಿಸರ್ಜನೆ ಮೆರವಣಿಗೆ ಈ ಸಲವಾದರೂ ಬೆಳಗಾಗುವುದರೊಳಗೆ ಕಪಿಲೇಶ್ವರ ಹೊಂಡ ಮುಟ್ಟುತ್ತದೆಯೇ? ಮರುದಿನ ಮಧ್ಯಾಹ್ನದವರೆಗೂ ಡೋಲು ನಡೆದಿರುತ್ತದೆ.

ಶಹಾಪುರದವ
ಕಾಕಾ, ಅದು ಊರಿನ ಹಬ್ಬ. ಅದಕ್ಕೆ ಕೈ ಹಾಕಬೇಡಿ. ದೂರದ ಊರಿಂದ ಮಂದಿ ಬರುತ್ತಾರೆ ನೋಡಲಿಕ್ಕೆ.

ಟಿಳಕವಾಡಿ ಕಾಕಾ
ಹಬ್ಬ ಬೇಡ ಅಂದಿಲ್ಲಪ್ಪಾ. ನಾನೂ ಹುಡುಗನಾಗಿದ್ದಾಗ ಲೇಜಿಮ್ ಆಡಿದವನೇ. ಪೌರಕಾರ್ಮಿಕರ ಬಗ್ಗೆ ಹೇಳುತ್ತಿದ್ದೇನೆ. ರಾತ್ರಿಯೆಲ್ಲ ಎಚ್ಚರ ಇದ್ದು, ಮೆರವಣಿಗೆ ದಾಟಿದ ಕೂಡಲೇ ರಾಮದೇವ ಗಲ್ಲಿಯಿಂದ ಗುಡಿಸುತ್ತಾ ಬರುತ್ತಾರೆ. ಅವರಿಗೆ ಚಹಾ, ನಾಷ್ಟಾ, ಕೈಗವಸು ಕೊಡುವ ಮೇಯರ್ ಬೇಕು.

ಶಹಾಪುರದವ
ಅದಕ್ಕೆ ನನ್ನ ಪೂರ್ತಿ ಬೆಂಬಲ. ನಮ್ಮ ಮಂಡಳದಿಂದಲೇ ಚಹಾ ಮಾಡಿಸುತ್ತೇವೆ.

ಖಾಸಬಾಗ ರೈತ
ತುರಮುರಿ ಮಾತು ಯಾರೂ ಎತ್ತಲಿಲ್ಲ. ಊರಿನ ಕಸ ಎಲ್ಲ ಅಲ್ಲಿಗೇ ಹೋಗುವುದು. ನಮ್ಮ ಬೀಗರು ಆ ಊರಿನವರು. ಗಾಳಿ ಬೀಸಿದರೆ ಊಟಕ್ಕೆ ಕೂರಲು ಆಗುವುದಿಲ್ಲ ಅನ್ನುತ್ತಾರೆ. ಮದುವೆಗೆ ಹೆಣ್ಣು ಕೊಡಲೂ ಯೋಚಿಸುತ್ತಾರಂತೆ. ಅವರಿಗೆ ಪಾಲಿಕೆಯಲ್ಲಿ ಮತವಿಲ್ಲ, ಹಳ್ಳಿಯವರು. ಅವರ ಪರವಾಗಿ ಯಾರು ಕೇಳಬೇಕು? ಊರಿನವರಾದ ನಾವೇ. ಕಸ ಮನೆಯಲ್ಲೇ ಬೇರೆ ಮಾಡಿದರೆ ಅಲ್ಲಿಗೆ ಹೋಗುವುದು ಕಡಿಮೆಯಾಗುತ್ತದೆ. ಆ ಹೆಣ್ಣುಮಗಳು ಅದನ್ನು ನಿಜವಾಗಿಯೂ ಮಾಡಿಸುತ್ತಿದ್ದರೆ ನನ್ನ ಬೆಂಬಲವೂ ಅವರಿಗೇ.

ಆಟೋನಗರ ಮೆಕ್ಯಾನಿಕ್
ಇಷ್ಟು ಮಂದಿ ಹೇಳುತ್ತಿದ್ದೀರಿ, ಕಸದ ವಿಷಯದಲ್ಲಿ ಅವರು ಗಟ್ಟಿ ಅಂತ ಒಪ್ಪೋಣ. ಆದರೆ ಹಳಬರ ಪರವಾಗಿ ನನ್ನದೂ ಒಂದು ಮಾತು ಕೇಳಿ. ನಮ್ಮ ಕಡೆ ಬೀದಿದೀಪದ ಟೆಂಡರು ನಿಂತು ಹೋಗಿತ್ತು. ಆ ಹಿರಿಯರು ಹೋಗಿ, ಯಾವ ಟೇಬಲ್ಲಿನಲ್ಲಿ ಯಾವ ಸಹಿ ಬಾಕಿ ಇದೆ ಅಂತ ಹುಡುಕಿ, ಸಹಿ ಹಾಕಿಸಿಕೊಂಡೇ ಎದ್ದರು. ನಾನು ಜತೆಗಿದ್ದೆ. ಹೊಸಬರಿಗೆ ಆ ದಾರಿ ಕಲಿಯುವಷ್ಟರಲ್ಲಿ ವರ್ಷ ಮುಗಿದಿರುತ್ತದೆ. ಅವಧಿ 30 ತಿಂಗಳು ಇದ್ದರೆ ನಾನೂ ಹೊಸಬರಿಗೇ ಹೇಳುತ್ತಿದ್ದೆ.

ಶಿವಬಸವನಗರ ವಕೀಲ
ಇದು ವಾದ. ಇದನ್ನು ಒಪ್ಪುತ್ತೇನೆ. 12 ತಿಂಗಳ ಕುರ್ಚಿಗೆ ಅನುಭವಿಗಳೇ ಲಾಭ. ಉಪಮೇಯರ್ ಸ್ಥಾನಕ್ಕೆ ಹೊಸಬರು ಬಂದರೆ ಕಲಿಯಲೂ ಆಗುತ್ತದೆ.

ಅನಗೋಳ ಅಕ್ಕ
ಹೆಣ್ಣುಮಕ್ಕಳಿಗೆ ಯಾವಾಗಲೂ ಉಪ ಅಂತಲೇ ಯಾಕೆ ಸರ್? ಹಳಬರು ಉಪಮೇಯರ್ ಆಗಿ ದಾರಿ ತೋರಿಸಲಿ.

ಗೋಳಗುಮ್ಮಟ ಓಣಿ
ಅಕ್ಕನವರ ಮಾತಿಗೆ ನನ್ನ ಕೈ ಮೇಲೆ.

ನೆಹರುನಗರ ಪಿಜಿ
ನನ್ನದೂ.

ಖಡೇಬಜಾರ್ ಅಂಗಡಿ
ಮೂರನೆಯವರ ಬಗ್ಗೆ, ಅಂದರೆ ಸ್ಥಾಯಿ ಸಮಿತಿಯಲ್ಲಿದ್ದವರ ಬಗ್ಗೆ, ಯಾರೂ ಮಾತಾಡಲಿಲ್ಲ. ನಾಲ್ಕು ಸ್ಥಾಯಿ ಸಮಿತಿಗಳಿವೆ. ಅವರು ಇದ್ದದ್ದು ತೆರಿಗೆ, ಹಣಕಾಸಿನದ್ದರಲ್ಲಿ. ಆಸ್ತಿ ತೆರಿಗೆ ಏಪ್ರಿಲ್ಲಿನಲ್ಲಿ ಕಟ್ಟಿದರೆ 5% ರಿಯಾಯಿತಿ. ನಮ್ಮಂಥ ಸಣ್ಣ ಅಂಗಡಿಯವರು ಸಾಲಿನಲ್ಲಿ ನಿಂತು ಕಟ್ಟುತ್ತೇವೆ. ದೊಡ್ಡ ಬಾಕಿ ಉಳಿಸಿಕೊಂಡವರ ಪಟ್ಟಿ ಸಭೆಯಲ್ಲಿ ಇಡಿ ಅಂತ ಅವರು ಒಮ್ಮೆ ಕೇಳಿದ್ದರು ಅಂತ ಕೇಳಿದ್ದೇನೆ. ಅದು ನಿಜವಾದರೆ ನನಗೆ ಅವರೇ ಸರಿ. ದುಡ್ಡಿಲ್ಲದೆ ಹೂಳೂ ತೆಗೆಯಲಾಗದು, ದೀಪವೂ ಹತ್ತದು.

ವಡಗಾವಿ ಮಗ್ಗ
ಪಟ್ಟಿ ಬಂತಾ?

ಖಡೇಬಜಾರ್ ಅಂಗಡಿ
ಅದನ್ನೇ ಅವರಿಗೆ ಕೇಳಬೇಕು. ಸಭೆಯ ನಡಾವಳಿ ಮಾಹಿತಿ ಹಕ್ಕಿನಲ್ಲಿ ಸಿಗುತ್ತದೆ. ನಾನು ಅರ್ಜಿ ಹಾಕುತ್ತೇನೆ. ವಕೀಲರು ಒಮ್ಮೆ ನೋಡಿ ಕೊಟ್ಟರೆ ಉಪಕಾರ.

ಶಿವಬಸವನಗರ ವಕೀಲ
ಕಳಿಸಿ. ಮೂವರ ಹಾಜರಿ, ಮೂವರು ಸಭೆಯಲ್ಲಿ ಎತ್ತಿದ ವಿಷಯ, ಎರಡನ್ನೂ ಕೇಳಿ. ತಾರೀಖು ಹಾಕಿ ಕೇಳಿ. ಸುಮ್ನೆ ಎಲ್ಲ ಮಾಹಿತಿ ಕೊಡಿ ಅಂದರೆ ತಳ್ಳಿಹಾಕುತ್ತಾರೆ. ಮೂವತ್ತು ದಿನದ ಗಡುವು ಇರುವುದರಿಂದ ಇವತ್ತೇ ಹಾಕಿ.

ಸದಾಶಿವನಗರ ಹುಡುಗ
ನಾನು ಪ್ರಶ್ನೆಗಳನ್ನು ಒಂದು ಹಾಳೆಯಲ್ಲಿ ಟೈಪ್ ಮಾಡುತ್ತೇನೆ. ನಾಲಾದ ಹೂಳು, ಅಗೆದ ರಸ್ತೆ, ತುರಮುರಿ, ಬಾಕಿದಾರರ ಪಟ್ಟಿ, ರೈಲ್ವೆ ಗೇಟಿಗೆ ಠರಾವು. ಕನ್ನಡದಲ್ಲಿ ಒಂದು ಪ್ರತಿ.

ಶಹಾಪುರದವ
ಓಣಿಯಲ್ಲಿ ಹಂಚಲು ಮರಾಠಿ ಪ್ರತಿ ನಾನು ಮಾಡಿಕೊಡುತ್ತೇನೆ. ರಾಜ್ಯೋತ್ಸವ ಗೆಳೆಯರು ಬೇಡ ಅನ್ನಬಾರದು.

ರಾಜ್ಯೋತ್ಸವ ಗೆಳೆಯ
ಮನೆ ಮನೆಗೆ ಹಂಚುವುದು ನಿಮ್ಮ ಇಷ್ಟ. ಪಾಲಿಕೆಗೆ ಕೊಡುವುದು ಕನ್ನಡದ್ದು. ಕೊಡಲು ನಾನೂ ಬರುತ್ತೇನೆ. ಆರನೇ ಪ್ರಶ್ನೆ ನನ್ನದು ಸೇರಿಸಿ: ಪಾಲಿಕೆಯ ಎಲ್ಲ ಫಲಕ, ಎಲ್ಲ ರಸೀದಿ ಕನ್ನಡದಲ್ಲಿ ಇರುತ್ತವೆಯೇ?

ಸದಾಶಿವನಗರ ಹುಡುಗ
ಸೇರಿಸಿದೆ.

ಕ್ಯಾಂಪ್ ನಿವಾಸಿ
ಮಹಾಂತೇಶನಗರದ ಅಕ್ಕ ಗ್ಯಾಲರಿ ಬಗ್ಗೆ ಕೇಳಿದ್ದರು, ಯಾರೂ ಉತ್ತರ ಕೊಡಲಿಲ್ಲ.

ಅನಗೋಳ ಅಕ್ಕ
ನಾನು ನಮ್ಮ ವಾರ್ಡಿನ ಸದಸ್ಯರಿಗೆ ಮೊದಲೇ ಹೇಳಿ, ಅವರ ಕಡೆಯಿಂದ ಹೋಗಿದ್ದೆ. ಮುಂದಿನ ಸಭೆಯ ತಾರೀಖು ಗೊತ್ತಾದ ಕೂಡಲೇ ಇಲ್ಲೇ ಹಾಕುತ್ತೇನೆ. ಬರುವವರು ಹೆಸರು ಹೇಳಿ, ಒಟ್ಟಿಗೇ ಹೋಗೋಣ.

ಮಹಾಂತೇಶನಗರ ಗೃಹಿಣಿ
ನಾನು ಮತ್ತು ನಮ್ಮ ಅತ್ತೆ. ಅತ್ತೆಯ ಕಾಲು ಈಗ ಸರಿಯಾಗಿದೆ, ಅವರೇ ಎದ್ದು ಕೇಳಬೇಕಂತೆ.

ಕಣಬರ್ಗಿ ಮೇಷ್ಟ್ರು
ಗ್ಯಾಲರಿಯಲ್ಲಿ ಕೂತವರಿಗೆ ಮಾತಾಡಲು ಬಿಡುವುದಿಲ್ಲ ತಾಯಿ. ಅತ್ತೆಯವರ ಪ್ರಶ್ನೆಯನ್ನು ಬರೆದು ನಿಮ್ಮ ವಾರ್ಡಿನ ಸದಸ್ಯರ ಕೈಗೆ ಕೊಡಿ, ಅವರು ಕೇಳಲಿ. ಕೇಳದಿದ್ದರೆ ಅದನ್ನೂ ಇಲ್ಲಿ ಬರೆಯಿರಿ.